ಕಾರಿಗೆ ಹೊಲಿದ ಕೌದಿ

ನಾನು ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಒತ್ತೊತ್ತಾಗಿ ದಾರ ಎಳೆದರೆ ನಮ್ಮಂಥವರು ಹುಟ್ಟುತ್ತೇವೆ. ನನ್ನ ಬಳಗವೆಲ್ಲ ಮಂಚದ ಮೇಲೆ ಸುಖವಾಗಿದೆ. ನನ್ನನ್ನು ಹೊಲಿಸಿದ್ದು ಮಾತ್ರ ಒಂದು ಕಾರಿಗೆ! ಕೇಳಿದವರೆಲ್ಲ ನಗುತ್ತಾರೆ. ನಗಲಿ, ಅನುಭವಿಸಿದವಳು ನಾನು.

ಕಾರು ಘಾಳೆಪ್ಪನದು, ಬಿಳಿಯದು. ಹುಮನಾಬಾದ್ ಕಡೆಯ ನಮ್ಮ ಊರಿನಲ್ಲಿ ಮದುಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಅದರ ಕೆಲಸ. ಮನೆ ನಡೆಯುತ್ತಿದ್ದದ್ದೇ ಅದರಿಂದ. ಮದುವೆಗಳು ಬೇಸಿಗೆಯಲ್ಲಿ, ಹಾಳಾದ ಆಲಿಕಲ್ಲು ಬೀಳುವುದೂ ಬೇಸಿಗೆಯಲ್ಲೇ. ಮೈತುಂಬ ತಗ್ಗು ಬಿದ್ದ ಕಾರಿನಲ್ಲಿ ಮಗಳನ್ನು ಕಳುಹಿಸಲು ಯಾರಿಗೆ ಮನಸ್ಸು ಬರುತ್ತದೆ? ಕಾರಿಗೆ ಸೂರಿಲ್ಲದ್ದರಿಂದ ಅದು ನಿಲ್ಲುತ್ತಿದ್ದದ್ದು ಮನೆಯೆದುರಿನ ಬಯಲಿನಲ್ಲಿ. ಘಾಳೆಪ್ಪ ಒಂದು ವರ್ಷ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ನೋಡಿದ. ತಾಡಪತ್ರಿಗೆ ಏನೂ ಆಗಲಿಲ್ಲ, ಅದರ ಕೆಳಗಿನ ತಗಡು ನುಗ್ಗಾಯಿತು.

"ದಪ್ಪಂದೊಂದು ಕೌದಿ ಹೊಲಸೋ. ಏಟೆಲ್ಲಾ ಅದೇ ತಿಂತದ" ಎಂದು ಉಪಾಯ ಹೇಳಿದವಳು ಅವನ ತಾಯಿ ಗುಂಡಮ್ಮ. ಈ ಮಾತನ್ನು ನೀವು ನೆನಪಿಡಬೇಕು, ಆಕೆ ನೆನಪಿಡಲಿಲ್ಲ.

ಪಕ್ಕದ ಮನೆಯ ಹುಸೇನಬಿ ನನ್ನನ್ನು ಎರಡು ತಿಂಗಳು ಹೊಲಿದಳು. ಗುಂಡಮ್ಮನ ಹನ್ನೊಂದು ಸೀರೆ, ತೀರಿಹೋದ ಯಜಮಾನನ ಧೋತರ ಎಲ್ಲವೂ ನನ್ನೊಳಗೆ ಸೇರಿದವು. ಕೊನೆಯ ಮೂಲೆಯಲ್ಲಿ ಹೋಳಿಗೆಯ ಚೂರೊಂದನ್ನು ಇಟ್ಟು, "ಕೌದಿ ಉಪಾಸ ಇರಬಾರ್ದು" ಎನ್ನುತ್ತಾ ಹೊಲಿಗೆ ಮುಗಿಸಿದಳು. ಇಬ್ಬರು ಎತ್ತುವಷ್ಟು ಭಾರವಾಗಿದ್ದೆ. ಬರಲಿ ಯಾವ ಕಲ್ಲು ಬರುತ್ತದೋ ಎಂದು ಎದೆಯುಬ್ಬಿಸಿಕೊಂಡು ಕಾರಿನ ಮೇಲೆ ಕೂತೆ.

ಬಂತು. ಘಾಳೆಪ್ಪ ಕಟಿಂಗ್ ಮಾಡಿಸಲು ಹೋಗಿದ್ದ ಒಂದು ಮಧ್ಯಾಹ್ನ ಮೋಡ ಕಪ್ಪಿಟ್ಟಿತು. ಗುಂಡಮ್ಮ ಅಂಗಳಕ್ಕೆ ಓಡಿ ಬಂದಳು. "ಹುಸೇನಬೀ, ಲಗೂನ ಬಾರವ್ವಾ, ಕೌದಿ ತೊಯ್ತದ!" ಇಬ್ಬರೂ ಸೇರಿ ನನ್ನನ್ನು ಕಾರಿನಿಂದ ಎಳೆದು, ಒಳಗೆ ಒಯ್ದು, ಮಂಚದ ಮೇಲೆ ನಾಲ್ಕು ಮಡಿಕೆ ಮಾಡಿ ಇಟ್ಟರು. ಹುಟ್ಟಿದಾಗಿನಿಂದ ಆಕೆಗೆ ಗೊತ್ತಿದ್ದದ್ದು ಒಂದೇ: ಮೋಡವಾದರೆ ಹೊರಗಿನ ಕೌದಿ ಒಳಗೆ ಬರಬೇಕು. ಹೊರಗೆ ಕಾರಿನ ಮೇಲೆ ಕಲ್ಲು ಧಡಧಡ ಬೀಳುತ್ತಿದ್ದವು. ನಾನು ಬೆಚ್ಚಗೆ ಮಲಗಿ ಒಂದೊಂದು ಏಟನ್ನೂ ಕೇಳಿಸಿಕೊಂಡೆ. ನನಗೆ ಬಾಯಿ ಇದ್ದಿದ್ದರೆ!

ಅರ್ಧ ಕಟಿಂಗಿನಲ್ಲೇ ಓಡಿ ಬಂದ ಘಾಳೆಪ್ಪ ಕಾರನ್ನು ನೋಡಿದ, ನನ್ನನ್ನು ನೋಡಿದ, ತಲೆಗೆ ಕೈ ಹಚ್ಚಿ ಕೂತ. "ಯವ್ವಾ, ಏನ್ ಮಾಡಿದೀ?"

"ತೊಯ್ದ್ರ ಒಣಗಂಗಿಲ್ಲೋ ಯಪ್ಪಾ."

ಆಕೆಯ ಮಾತೂ ಸುಳ್ಳಲ್ಲ ಎಂಬುದೇ ನನ್ನ ಕರ್ಮ. ಅವನು ಕಾರನ್ನು ರಿಪೇರಿ ಮಾಡಿಸಿಕೊಂಡು ಬಂದ. ಮರುವರ್ಷ ನನ್ನನ್ನು ಹಗ್ಗ ಹಾಕಿ ಕಾರಿಗೆ ಬಿಗಿದ. ಆ ಸಲ ಬಿದ್ದದ್ದು ಬರೀ ಮಳೆ, ಒಂದೂ ಕಲ್ಲಿಲ್ಲ. ಸೀರೆ ಸೀರೆಯೂ ನೀರು ಕುಡಿದು ಎಮ್ಮೆಯಂತಾದೆ. ನಾಲ್ವರು ಹೊತ್ತು, ಒಣಗಲೆಂದು ಅಂಗಳದ ಗೋಡೆಯ ಮೇಲೆ ಹಾಕಿದರು. ನಾನು ಅಲ್ಲಿ ಮುಗ್ಗಲು ವಾಸನೆ ಬೀರುತ್ತಾ ನೇತಾಡುತ್ತಿದ್ದಾಗ, ಮೂರನೆಯ ದಿನ, ಕಾರಿಗೆ ಆಲಿಕಲ್ಲು ಬಿತ್ತು. ಗೋಡೆಗೂ ಬಿತ್ತು. ಗೋಡೆಯನ್ನು ಚೆನ್ನಾಗಿ ಕಾಪಾಡಿದೆ.

ಮರುದಿನ ಮದುವೆಗೆ ಕಾರು ನೋಡಲು ಬಂದವರು ಚಹಾ ಕುಡಿದು, ಮುಂಗಡ ಕೊಡದೆ ಎದ್ದು ಹೋದರು. ಆ ಸಿಟ್ಟನ್ನು ಘಾಳೆಪ್ಪ ತಾಯಿಯ ಮೇಲೆ ತೀರಿಸಿಕೊಂಡ. "ಕೌದಿ ಅಂತ ಹೇಳಿದಾಕಿನೂ ನೀನೇ, ಹಾಳ ಮಾಡಿದಾಕಿನೂ ನೀನೇ. ಕೈ ಮುಗಿತೀನಿ, ಇನ್ನ ಮುಟ್ಟಬ್ಯಾಡ." ಎರಡು ದಿನ ಗುಂಡಮ್ಮ ಮಗನಿಗೆ ರೊಟ್ಟಿ ಬಡಿದು, ತಾಟನ್ನು ಹೊಸ್ತಿಲ ಬಳಿ ಇಟ್ಟು ಒಳಗೆ ಹೋದಳು.

ಮುಂದಿನ ಬೇಸಿಗೆಯಲ್ಲಿ ಘಾಳೆಪ್ಪ ಕಾರಿನ ಸಾಮಾನು ತರಲು ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿದ್ದ. ಬಿಸಿಲಿದೆ, ಕಲ್ಲು ಬೀಳದು ಎಂದು ನನ್ನನ್ನು ಕಾರಿನಿಂದ ಇಳಿಸಿ ಮನೆಯ ಕಟ್ಟೆಯ ಮೇಲೆ ಮಡಚಿಟ್ಟಿದ್ದ. ಹುಸೇನಬಿ ಊರಲ್ಲಿರಲಿಲ್ಲ. ಸಂಜೆಗೆ ಮೋಡ ಕವಿಯಿತು. ಗುಂಡಮ್ಮ ಹೊರಗೆ ಬಂದು ನನ್ನ ಮೇಲೆ ಕೈಯಿಟ್ಟಳು. ಮತ್ತೆ ಒಳಗೆ ಒಯ್ಯುತ್ತಾಳೆ ಎಂದು ಒಳಗೊಳಗೇ ಕುದಿದೆ. ಇಲ್ಲ! ಕಾರಿನ ಕಡೆಗೆ ಎಳೆಯತೊಡಗಿದಳು. ಇಬ್ಬರು ಎತ್ತುವ ನನ್ನನ್ನು ಎಪ್ಪತ್ತರ ಮುದುಕಿ ಒಬ್ಬಳೇ ಮಣ್ಣಿನಲ್ಲಿ ದರದರ ಎಳೆದಳು. ಬಾನೆಟ್ಟಿನ ಮೇಲೆ ನನ್ನ ಒಂದು ಅಂಚು ಹತ್ತಿತು. ಅಷ್ಟರಲ್ಲಿ ಮೊದಲ ಕಲ್ಲು ಬಿತ್ತು, ಆಕೆಯ ಮುಂಗೈಗೆ.

ಕೈ ಬಿಟ್ಟು ಚಕ್ರದ ಪಕ್ಕದಲ್ಲಿ ಕುಸಿದು ಕೂತಳು. ನಾನು ಜಾರಿದೆ. ಜಾರಿ ಆಕೆಯ ಮೇಲೆಯೇ ಬಿದ್ದೆ. ನಿಂಬೆಹಣ್ಣಿನ ಗಾತ್ರದ ಕಲ್ಲುಗಳು. ಗೋಡೆಯ ಲೆಕ್ಕ ಬಿಟ್ಟರೆ, ಜೀವನದಲ್ಲಿ ಮೊದಲ ಸಲ ಎಲ್ಲ ಏಟನ್ನೂ ತಿಂದೆ. ಬಗಲಲ್ಲೇ ಕಾರು ನುಗ್ಗಾಗುತ್ತಿತ್ತು.

ಮಳೆ ನಿಂತ ಮೇಲೆ ಘಾಳೆಪ್ಪ ಬಂದ. ಗಾಜು ಒಡೆದ ಕಾರು, ನೆಲದ ಮೇಲೆ ನಾನು. "ಮತ್ತ ತಗದ್ಯಾ ಯವ್ವಾ!" ಎಂದು ಮನೆಯ ಕಡೆ ನೋಡಿ ಚೀರಿದ. ಸಿಟ್ಟಿನಿಂದ ನನ್ನನ್ನು ಎಳೆದ. ಕೆಳಗೆ ತಾಯಿ ಇದ್ದಳು, ಮುಂಗೈ ಊದಿಸಿಕೊಂಡು, ಬದುಕಿ.

"ಹಾಕ್ಲಾಕ ಬಂದಿದ್ನೋ, ಆಗಲಿಲ್ಲ" ಎಂದಳು.

ಅವನು ಆಕೆಯನ್ನು ಎತ್ತಿಕೊಂಡು ಒಳಗೆ ಹೋದ. ಆ ದಿನ ಕಾರಿನ ಕಡೆ ಮತ್ತೆ ನೋಡಲಿಲ್ಲ.

ಆಮೇಲೆ ಆ ಕಾರನ್ನು ಯಾವ ಮದುಮಗಳೂ ಹತ್ತಲಿಲ್ಲ. ಕೊನೆಗೆ ಅದನ್ನು ಕೊಳ್ಳಲು ಬಂದವನು ನನ್ನತ್ತ ಕೈ ತೋರಿಸಿ, "ಇದೂ ಕಾರಿನ ಜೋಡಿ ಬರ್ತದಾ?" ಎಂದು ಕೇಳಿದ. "ಇಲ್ರೀ, ಅದು ನಮ್ಮವ್ವಂದು" ಎಂದ ಘಾಳೆಪ್ಪ. ಈಗ ಅವನು ಇನ್ನೊಬ್ಬರ ಜೀಪು ಓಡಿಸುತ್ತಾನೆ.

ಯಾವ ಕೆಲಸಕ್ಕೆ ಹೊಲಿದರೋ ಅದನ್ನು ಒಂದು ದಿನವೂ ಮಾಡಲಿಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ. ದಾರ ಸವೆದಿದೆ, ಹೋಳಿಗೆಯ ಮೂಲೆಯನ್ನು ಇಲಿ ಕಡಿದಿದೆ. ಮಂಚಕ್ಕೆ ನಾನು ಬಹಳ ದೊಡ್ಡವಳು. ನಾಲ್ಕು ಮಡಿಕೆಯಾಗಿ ಗುಂಡಮ್ಮನ ಮೇಲೆ ಬಿದ್ದಿರುತ್ತೇನೆ. ಮೋಡ ಗುಡುಗಿದರೆ ಸಾಕು, ಆಕೆಗೆ ಎಚ್ಚರವಾಗುತ್ತದೆ. "ಕೌದಿ ಒಳಗ ತಂದ್ಯೇನೋ?" ಎನ್ನುತ್ತಾಳೆ.

"ಒಳಗೇ ಅದ ಯವ್ವಾ" ಎನ್ನುತ್ತಾನೆ ಘಾಳೆಪ್ಪ. "ನೀನೂ ಒಳಗೇ ಇದ್ದಿ."