ಉಸಿರಿದ್ದ ಜಾಗ

ಮೇಜಿನಡಿ ಮಂಡಿಯೂರಿದ್ದವನ ತಲೆ ಹಲಗೆಗೆ ಬಡಿದ ಸದ್ದಿಗೆ ಅರ್ಧ ಊರು ಎದ್ದು ಕೂರಬೇಕಿತ್ತು. ಪಕ್ಕದ ಕೋಣೆಯಿಂದ ಹೆಂಡತಿ ಮಾತ್ರ ಕೇಳಿದಳು.

"ರೀ, ಏನದು?"

"ನನ್ನ ತಲೆ."

"ಒಡೆದುಹೋಯ್ತಾ?"

"ತಲೆಯಾ?"

"ಅಲ್ಲ, ಮೇಜು."

ಆ ಮೇಜಿಗಿಂತ ಚಿಕ್ಕ ಮೇಜಿನ ಮೇಲೆ ಭೂಮಿಯಲ್ಲಿ ಯಾರೂ ಬದುಕು ನಡೆಸಿಲ್ಲ. ಲೋಟ ಇಟ್ಟರೆ ಮೊಣಕೈ ಎತ್ತಬೇಕು, ಮೊಣಕೈ ಊರಿದರೆ ಲೋಟ ಎತ್ತಬೇಕು. ಅಂಥದ್ದರ ಮೇಲೆ ಈಗ ನಾಲ್ಕು ಸ್ಪೀಕರುಗಳು ಒತ್ತಿಕೊಂಡು ಕೂತಿದ್ದವು. ಒಂದು ಕರಿ ಜೋಡಿ, ಒಂದು ಬಿಳಿ ಜೋಡಿ. ಇಷ್ಟು ದಿನ ಅಲ್ಲಿದ್ದ ಹಳೆಯ ಜೋಡಿಯಲ್ಲಿ ಒಂದರ ಗಂಟಲು ಹರಿದಿತ್ತು. ಈ ಎರಡು ಹೊಸ ಜೋಡಿಗಳನ್ನೂ ಕೇಳಿ ನೋಡಿ, ಸಂಜೆಗೆ ಬೇಡದ್ದನ್ನು ವಾಪಸ್ ಕೊಡಿ ಎಂದಿದ್ದ ಅಂಗಡಿಯವನು.

ಮೇಜಿನಡಿಯಿದ್ದವನು ಧ್ವನಿಪುಸ್ತಕಗಳ ಸಂಕಲನಕಾರ. ಕಸುಬಿನವರು ಅವನನ್ನು 'ಕತ್ತರಿ' ಎಂದೇ ಕರೆಯುತ್ತಿದ್ದರು. ಓದುವವರ ಉಸಿರು, ತುಟಿ ಬಿಚ್ಚಿದ ಸದ್ದು, ಉಗುಳು ನುಂಗಿದ್ದು, ಯಾವುದನ್ನೂ ಅವನು ಉಳಿಸುತ್ತಿರಲಿಲ್ಲ. ಅವನು ಕತ್ತರಿಸಿ ಎಸೆದ ಉಸಿರನ್ನೆಲ್ಲ ಒಟ್ಟು ಮಾಡಿದ್ದರೆ ಹಾಯಿ ಕಟ್ಟಿದ ಹಡಗೊಂದು ಸಮುದ್ರ ದಾಟಿಬಿಡುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಹೆಂಡತಿಯದು. ಮದುವೆಯಾದಾಗಿನಿಂದ ಅವಳು ಇದೇ ಕೋಣೆಯಲ್ಲಿ, ಇದೇ ಮೈಕಿನ ಮುಂದೆ ಓದಿದ್ದಳು.

ಹೋದ ವಾರದವರೆಗೆ.

ಸ್ಪೀಕರ್ ಹರಿದದ್ದೇ ನೆಪವಾಗಿ, ಹೊಸ ಕಾದಂಬರಿಯ ಮೊದಲ ಅಧ್ಯಾಯವನ್ನು ಅವಳು ತಂಗಿಯ ಮನೆಯಲ್ಲಿ ಓದಿ ಬಂದಿದ್ದಳು. ತಂಗಿಯ ಗಂಡನದೂ ಇದೇ ಕಸುಬು. ಷಡ್ಡಕ, ಇವನ ಪಕ್ಕದಲ್ಲೇ ಕೂತು ಕೆಲಸ ಕಲಿತವನು. ಅವನ ಕೋಣೆಯಲ್ಲಿದ್ದದ್ದು ಈ ಬಿಳಿ ಜೋಡಿಯೇ. ಉಳಿದ ಪುಸ್ತಕವನ್ನು ಎಲ್ಲಿ ಓದುತ್ತೀರಿ ಎಂದು ಪ್ರಕಾಶಕರು ಅವಳನ್ನೇ ಕೇಳಿದ್ದರು. ಉತ್ತರ ಇವತ್ತು ಕೊಡಬೇಕಿತ್ತು.

"ಏನು ಹೇಳ್ತೀಯ ಅವರಿಗೆ?"

"ಮೊದಲು ನಿಮ್ಮ ಪೆಟ್ಟಿಗೆಗಳು ಏನು ಹೇಳ್ತವೋ ನೋಡೋಣ," ಎಂದಳು.

ಅಷ್ಟರಲ್ಲಿ ಫೋನು. ಷಡ್ಡಕನೇ.

"ಅಣ್ಣಾ, ಬಿಳಿ ಜೋಡಿ ಬಂತಂತೆ?"

"ಯಾರು ಹೇಳಿದ್ದು?"

"ಅತ್ತಿಗೆ. ಅಣ್ಣಾ, ಅದನ್ನ ಗೋಡೆಗೆ ಆನಿಸಬೇಡಿ. ಗಾಳಿ ಬಿಡೋ ತೂತು ಹಿಂದಿದೆ. ಒಂದು ಗೇಣು ಮುಂದಕ್ಕಿಡಿ, ಇಲ್ಲಾಂದ್ರೆ ಗುಂಯ್ ಅನ್ನುತ್ತೆ."

"ನಿನಗೆ ಅದನ್ನ ಕಲಿಸಿದ್ದು ಯಾರು?"

"ನೀವೇ ಅಲ್ವಾ," ಎಂದು ಅವನು ನಕ್ಕ.

ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಕತ್ತರಿ ಫೋನಿಟ್ಟು ಬಿಳಿ ಜೋಡಿಯನ್ನು ಬೇಕೆಂದೇ ಗೋಡೆಗೆ ಒತ್ತಿ ನಿಲ್ಲಿಸಿದ. ಗುಂಯ್ ಎಂದಿತು. ಹಾಯಾಯಿತು. ಆದರೆ ಜಗತ್ತಿನ ಅತ್ಯಂತ ಪ್ರಾಮಾಣಿಕ ಕಿವಿಗಳು ಅವನವು. ಬುದ್ಧಿ ಹೊಲಸಾದರೂ ಅವು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಒಂದು ಗೇಣು ಮುಂದಕ್ಕೆ ಎಳೆದ. ಕೀಬೋರ್ಡಿಗೆ ಜಾಗ ಉಳಿಯಲಿಲ್ಲ. ತೊಡೆಯ ಮೇಲಿಟ್ಟುಕೊಂಡ.

ಷಡ್ಡಕನ ಕೋಣೆಯಲ್ಲಿ ಅವಳು ಓದಿ ತಂದಿದ್ದ ಅಧ್ಯಾಯವನ್ನು ಹಾಕಿದ. ಮೊದಲು ಕರಿ ಜೋಡಿಯಲ್ಲಿ. ಅದು ಮುಖಸ್ತುತಿಗೆಂದೇ ಹುಟ್ಟಿದ್ದು, ಕೆಮ್ಮಿದರೂ ಸಂಗೀತ ಮಾಡಿಕೊಡುವಂಥದ್ದು. ಅವಳ ದನಿ ಬೆಣ್ಣೆ ಸವರಿಕೊಂಡು ಬಂತು. ಆಮೇಲೆ ಬಿಳಿಯದರಲ್ಲಿ. ಬೆಣ್ಣೆ ಇಲ್ಲ. ಎರಡು ಪೆಟ್ಟಿಗೆಗಳ ನಡುವೆ, ಬರೀ ಗೋಡೆ ಇದ್ದಲ್ಲಿ, ಅವಳು ಬಂದು ನಿಂತಳು. ಷಡ್ಡಕ ಏನನ್ನೂ ಕತ್ತರಿಸಿರಲಿಲ್ಲ. ವಾಕ್ಯಕ್ಕೆ ಮುಂಚೆ ಉಸಿರು ಒಳಗೆ ಹೋಗುತ್ತಿತ್ತು, ಅಲ್ಪವಿರಾಮದಲ್ಲಿ ಚೂರು ಹೊರಗೆ ಬರುತ್ತಿತ್ತು.

ಅಧ್ಯಾಯ ಮುಗಿಯಿತು. ರೆಕಾರ್ಡಿಂಗ್ ನಿಲ್ಲುವ ಮುನ್ನ, ಗಂಡಸೊಬ್ಬನ ಭಾರಕ್ಕೆ ಕುರ್ಚಿಯೊಂದು ಕಿರ್ರೆಂದಿತು. ಹಿಂದೆಯೇ ಅವಳ ನಗು ಶುರುವಾಯಿತು.

ಶುರುವಾಯಿತು ಅಷ್ಟೇ. ಅಲ್ಲಿಗೆ ಮುಗಿದಿತ್ತು.

ಮತ್ತೆ ಹಾಕಿದ. ಕರಿ ಜೋಡಿಯಲ್ಲಿ ಹಾಕಿದ. ನಗು ಇಲ್ಲ, ಬೆಣ್ಣೆಯಲ್ಲಿ ಮುಳುಗಿತ್ತು. ಬಿಳಿಯದರಲ್ಲಿ ಹಾಕಿದ; ಇತ್ತು. ಸಾವಿರ ಸಲ ಹಾಕಿರಬೇಕು. ಈ ಕೋಣೆಯಲ್ಲಿ ಅವಳು ಹಾಗೆ ನಕ್ಕದ್ದು ನೆನಪಾಗಲಿಲ್ಲ. ನಕ್ಕಿದ್ದರೂ ತಾನು ಕತ್ತರಿಸಿರುತ್ತಿದ್ದೆ ಎಂದು ಹೊಳೆದು, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟ.

ಕಿಟಕಿಯ ಹಳೆಯ ತೆಳು ಪರದೆಯನ್ನು ನಾಲ್ಕೂ ಸ್ಪೀಕರುಗಳ ಮೇಲೆ ಹೊದಿಸಿದ. ಯಾವುದು ನುಡಿಯುತ್ತಿದೆ ಎಂದು ಅವಳಿಗೆ ಕಾಣಬಾರದು. ಅವಳು ಕಣ್ಣಿಂದಲ್ಲ, ಕಿವಿಯಿಂದ ಆರಿಸಬೇಕು. ಹೋಲಿಸುವ ಮುನ್ನ ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು, ಕೂದಲೆಳೆಯಷ್ಟು ಜೋರಾಗಿದ್ದರೂ ಕಿವಿ ಆ ಕಡೆಗೇ ವಾಲುತ್ತದೆ ಎಂದು ಷಡ್ಡಕನಿಗೆ ಬೈದು ಬೈದು ಕಲಿಸಿದ್ದವನು ಅವನು. ಈಗ ಪರದೆಯೊಳಗೆ ಕೈ ಹಾಕಿ ಕರಿ ಜೋಡಿಯ ಗುಂಡಿಯನ್ನು ಎಳ್ಳಿನಷ್ಟು ಜೋರಿನ ಕಡೆಗೆ ತಿರುಗಿಸಿದ.

"ಬಾ, ಕೂತ್ಕೋ."

"ಇದೇನ್ರೀ, ಪೆಟ್ಟಿಗೆಗೆಲ್ಲ ಹೊದಿಸಿಬಿಟ್ಟಿದ್ದೀರಿ. ಚಳಿಯಾ ಅವಕ್ಕೆ?"

"ಸುಮ್ನೆ ಕೇಳು."

ತಾನೇ ಸಂಕಲಿಸಿದ ಅವಳ ಓದನ್ನು ಹಾಕಿದ. ಅವನ ಹೆಮ್ಮೆಯ ಕೆಲಸ. ಅದರಲ್ಲಿ ಕೂದಲಷ್ಟು ಕಸ ತೋರಿಸಿದವರಿಗೆ ಮನೆ ಬರೆದುಕೊಡಲು ಸಿದ್ಧನಿದ್ದ. ಮೊದಲು ಕರಿ, ಆಮೇಲೆ ಬಿಳಿ.

"ಮೊದಲನೇದು ಚೆನ್ನಾಗಿದೆ," ಎಂದಳು.

ಅವನ ಎದೆ ಅಂಗಳದಷ್ಟು ಅಗಲವಾಯಿತು.

"ಎರಡನೇದನ್ನ ಇನ್ನೊಂದ್ಸಲ ಹಾಕಿ."

ಹಾಕಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಅವಳ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

"ಇದರಲ್ಲಿ ನಾನೆಲ್ಲಿ ಉಸಿರಾಡ್ತೀನಿ?"

"ತೆಗೆದಿದ್ದೀನಿ. ಯಾವಾಗಲೂ ತೆಗೀತೀನಲ್ಲ."

"ಗೊತ್ತು. ಹೀಗೆ ಕೇಳಿಸಿರಲಿಲ್ಲ. ಸತ್ತ ಮೇಲೆ ಓದಿದ ಹಾಗಿದೆ."

"ಶುದ್ಧವಾಗಿದೆ."

"ಹೂಂ. ತೊಳೆದು ಮಲಗಿಸಿದಷ್ಟು ಶುದ್ಧ."

ಅವನು ಪರದೆಯ ಅಂಚನ್ನು ಸರಿಮಾಡಿದ. ಸರಿಮಾಡುವಂಥದ್ದು ಏನೂ ಇರಲಿಲ್ಲ.

"ಅಲ್ಲಿ ಓದಿದಾಗ, ಕೊನೆಯಲ್ಲಿ ನಕ್ಕಿದ್ದೀಯ."

"ಎಲ್ಲಿ?"

"ಅಲ್ಲಿ. ಏನಂದ ಅವನು?"

"ಯಾರು?"

"ಕುರ್ಚಿ ಕಿರ್ ಅಂತು. ಆಮೇಲೆ ನಕ್ಕೆ."

"ಕುರ್ಚಿ ಕಿರ್ ಅಂದಿದ್ದಕ್ಕೇ ನಕ್ಕಿರಬೇಕು." ಅವಳು ಎದ್ದಳು. "ಇಲ್ಲಾಂದ್ರೆ ಇನ್ನೇನಕ್ಕೋ. ನೆನಪಿಲ್ಲಪ್ಪ."

ಚಪ್ಪಲಿ ಮೆಟ್ಟುವ ಸದ್ದು ಬಂತು.

"ಎಲ್ಲಿಗೆ?"

"ತಂಗಿ ಮನೆಗೆ ಹೋಗಿ ಬರ್ತೀನಿ."

"ಪ್ರಕಾಶಕರಿಗೆ ಹೇಳಿದ್ಯಾ?"

"ದಾರೀಲಿ ಹೇಳ್ತೀನಿ. ನಿಮ್ಮ ಕರಿ ಜೋಡಿ ಚೆನ್ನಾಗಿದೆ ರೀ, ಅದನ್ನೇ ಇಟ್ಕೊಳ್ಳಿ."

ಬಾಗಿಲು ಮುಚ್ಚಿತು. ಗೆದ್ದಿದ್ದ. ಇಂಥ ಗೆಲುವು ಯಾರ ಹಗೆಗೂ ಬೇಡ.

ಪರದೆ ಎಳೆದು ಎಸೆದ. ಕರಿ ಜೋಡಿಯ ತಂತಿ ಕಿತ್ತ. ಬಿಳಿಯದರ ಮುಂದೆ ಕೂತು ತನ್ನ ಹೆಮ್ಮೆಯ ಕೆಲಸವನ್ನು ಮತ್ತೆ ಹಾಕಿದ. ವಾಕ್ಯ, ಬಾವಿ. ವಾಕ್ಯ, ಬಾವಿ. ಪ್ರತಿ ವಾಕ್ಯದ ಮುಂದೆ ತಳವಿಲ್ಲದ ಮೌನ, ಚಾಕುವಿನಿಂದ ಕೊರೆದ ಹಾಗೆ ಚೊಕ್ಕ ಅಂಚು. ಕತ್ತರಿಸಿದ ಉಸಿರನ್ನು ಹುಡುಕಿದ. ಹಳೆಯ ಕಡತಗಳನ್ನೆಲ್ಲ ತೆರೆದು ತೆರೆದು ಮುಚ್ಚಿದ. ಒಂದೂ ಇರಲಿಲ್ಲ. ಕಸವನ್ನು ಯಾರು ಇಟ್ಟುಕೊಳ್ಳುತ್ತಾರೆ?

ಷಡ್ಡಕನ ಅಧ್ಯಾಯದಲ್ಲಿ ಬೇಕಾದಷ್ಟಿತ್ತು. ಅದನ್ನು ಮುಟ್ಟಲಿಲ್ಲ.

ಮೈಕನ್ನು ತನ್ನ ಕಡೆ ತಿರುಗಿಸಿದ. ಉಸಿರೆಳೆದ. ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ, ಅವಳು ಎಳೆಯುವ ಹಾಗೆ. ಅದನ್ನು ಕತ್ತರಿಸಿ ಅವಳ ಒಂದೊಂದು ವಾಕ್ಯದ ಮುಂದಿನ ಬಾವಿಯೊಳಗೂ ಇಳಿಸಿದ. ಮಟ್ಟ ಸರಿಮಾಡಿದ; ಈ ಸಲ ಎಳ್ಳಿನಷ್ಟೂ ಮೋಸವಿಲ್ಲದೆ. ಮೂರು ಲೋಕದ ಸಂಕಲನಕಾರರು ಒಟ್ಟಿಗೆ ಬಂದು ಹುಡುಕಿದರೂ ಬೆಸುಗೆ ಸಿಗುತ್ತಿರಲಿಲ್ಲ.

ಅಂಗಡಿಯವನ ಫೋನು ಬಂತು. ಯಾವ ಜೋಡಿ ವಾಪಸ್ ಎಂದು ಕೇಳಲು ಇರಬೇಕು. ಅದು ತಾನೇ ಹೊಡೆದುಕೊಂಡು ನಿಂತಿತು.

ಹಾಕಿದ. ಪೆಟ್ಟಿಗೆಗಳ ನಡುವೆ, ಗೋಡೆ ಇದ್ದಲ್ಲಿ, ಹೆಂಡತಿ ನಿಂತಿದ್ದಳು. ಅವನ ಉಸಿರು ಎಳೆದುಕೊಂಡಳು, ತನ್ನ ವಾಕ್ಯ ಹೇಳಿದಳು. ಮತ್ತೆ ಅವನ ಉಸಿರು, ಮತ್ತೆ ಅವಳ ವಾಕ್ಯ. ಅವನು ಬಿಳಿ ಪೆಟ್ಟಿಗೆಯಲ್ಲಿ ಸದ್ದು ಹೊರಡಿಸುವ ಕೋನಿನ ಮೇಲೆ ಬೆರಳಿಟ್ಟ. ಬೆರಳಿಗೆ ಮಾತ್ರ ತಿಳಿಯುವಷ್ಟು ಅದು ಮಿಡಿಯುತ್ತಿತ್ತು. ಎಲ್ಲಿ ಅದರ ಲಯ ತಪ್ಪುವುದೋ ಎಂದು ಕತ್ತರಿ ತನ್ನ ಉಸಿರನ್ನು ಬಿಗಿಹಿಡಿದು ಕೂತ.