ಒಳಗೆ ಬಿಟ್ಟ ಎರಡು ಇಂಚು

ದಾರ ಸಲೀಸಾಗಿ ಕಿತ್ತು ಬರುತ್ತಿದೆ, ನನ್ನದೇ ಹೊಲಿಗೆ, ಎರಡು ವರ್ಷದ ಹಿಂದಿನದು, ಸೊಂಟದ ಹಿಂಬದಿಯಲ್ಲಿ ಎರಡು ಇಂಚು ಬಟ್ಟೆ ಒಳಗೇ ಮಡಚಿಟ್ಟಿದ್ದೆ, ಆಗ ಬ್ಯಾಂಕಿನ ಗುಮಾಸ್ತರು ನಕ್ಕಿದ್ದರು, ಅಷ್ಟು ಬಟ್ಟೆ ಯಾಕ್ರೀ ಟೈಲರ್ರೇ ಸುಮ್ನೆ ಒಳಗೆ ದಂಡ — ಈಗ ಅದೇ ಮನುಷ್ಯ ಹೊಟ್ಟೆ ಬೆಳೆಸಿಕೊಂಡು ಬಂದು, ಸ್ವಲ್ಪ ಬಿಡಿಸಿಕೊಡಿ ಅಂತ ಪ್ಯಾಂಟು ಕೊಟ್ಟು, ಜೊತೆಗೆ ಪುಕ್ಕಟೆ ಸಲಹೆಯನ್ನೂ ಕೊಟ್ಟು ಹೋಗಿದ್ದಾರೆ, ಶೇರು ಮಾರ್ಕೆಟ್ ಬಿದ್ದಿದೆ, ಸೇಲ್ ಹಾಕಿದಾಗ ಯಾರಾದ್ರೂ ಅಂಗಡಿ ಬಿಟ್ಟು ಓಡ್ತಾರಾ, ತಗೊಳ್ಳಿ. ಮಾತೇನೋ ಸರಿ. ಮ್ಯೂಚುವಲ್ ಫಂಡಿಗೆ ತಿಂಗಳ ಕಂತು ಮೂರು ವರ್ಷದಿಂದ ಕಟ್ಟುತ್ತಿದ್ದೇನೆ, ಈ ಸಲ ಅಷ್ಟೇ ದುಡ್ಡಿಗೆ ಯೂನಿಟ್ಟು ಜಾಸ್ತಿ ಬಂತು, ಫೋನಿನ ತುಂಬ ಕೆಂಪು ಅಕ್ಷರ, ನನಗೆ ಮಾತ್ರ ಒಳಗೊಳಗೇ ಖುಷಿ, ಅಲ್ಲಿಗೆ ಸುಮ್ಮನಿರಬಹುದಿತ್ತು, ಹಾಳು ಆಸೆ ಬಿಡಬೇಕಲ್ಲ, ಬೆಳಿಗ್ಗೆಯಿಂದ ಬ್ಯಾಂಕಿನಲ್ಲಿರುವ ಇನ್ನೊಂದು ದುಡ್ಡಿನ ಸುತ್ತಲೇ ಸುಳಿಯುತ್ತಿದೆ, ಅದು ನನ್ನವಳ ಮೊಣಕಾಲಿನ ಆಪರೇಷನ್ನಿಗೆ ಅಂತ ಎತ್ತಿಟ್ಟದ್ದು, ಮುಂದಿನ ತಿಂಗಳಿಗೆ. ಆಪರೇಷನ್ ಆರೇ ತಿಂಗಳು ಮುಂದೂಡಿ ಆ ದುಡ್ಡನ್ನು ಶೇರಿಗೆ ಹಾಕಿದರೆ? ಮಾರ್ಕೆಟ್ ಎದ್ದರೆ ಆಪರೇಷನ್ನೂ ಆಯಿತು, ಮೇಲೊಂದಿಷ್ಟು ಉಳಿಯಿತು. ಏಳದಿದ್ದರೆ — ಬ್ಲೇಡು ಬೆರಳಿಗೆ ತಾಗಿತು, ನೋಡಿಕೊಂಡು ಕೊಯ್ಯಬಾರದೇ ಮಾರಾಯ.

ಬೆಳಿಗ್ಗೆ ತಿಂಡಿ ತಿನ್ನುವಾಗ ಮಾರ್ಕೆಟ್ ಬಿದ್ದಿದೆಯಂತೆ ಅಂದೆ, ಅಷ್ಟೇ ಅಂದದ್ದು, ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು, ಅಯ್ಯೋ ಯಾರಿಗೂ ಏನೂ ಆಗಿಲ್ಲ ತಾನೇ, ಆ ಸೊಪ್ಪಿನಜ್ಜಿ ಗೋಡೆ ಪಕ್ಕದಲ್ಲೇ ಕೂತಿರ್ತಾಳೆ. ನಾನು ನಕ್ಕೂ ನಕ್ಕೂ ಸುಸ್ತಾದೆ, ವಿಷಯ ತಿಳಿದ ಮೇಲೆ ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು, ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು, ಆ ನಗು ಕೇಳಿದರೆ ನನಗೆ ಇವತ್ತಿಗೂ ಕೆಲಸ ಮರೆತುಹೋಗುತ್ತದೆ. ಆಮೇಲೆ ಕೆಲಸಕ್ಕೆ ಹೊರಟಳು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ದಿನವಿಡೀ ಒದ್ದೆ ನೆಲದ ಮೇಲೆ ನಿಂತು ಬೇರೆಯವರ ಹಾಸಿಗೆ ಬಟ್ಟೆ ಮಡಚುತ್ತಾಳೆ.

ಮೆಟ್ಟಿಲ ಮೇಲೆ ಸದ್ದು, ಅವಳದೇ, ಒಂದು ಕಾಲು, ಅದರ ಪಕ್ಕಕ್ಕೇ ಇನ್ನೊಂದು, ಆಮೇಲೆ ಮುಂದಿನ ಮೆಟ್ಟಿಲು, ಅಂಗಡಿ ಮಹಡಿಯ ಮೇಲೆ ಹಿಡಿದದ್ದು ನಾನೇ, ಬಾಡಿಗೆ ಕಮ್ಮಿ ಅಂತ. ಬಂದಳು, ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಹೋಗಿ ಬಿಸಿ ಮಾಡಿ ತಂದ ಊಟದ ಡಬ್ಬಿ ಮೇಜಿನ ಮೇಲಿಟ್ಟು ನನ್ನ ಬೆರಳು ನೋಡಿದಳು, ಫೋನು ನೋಡಿದಳು, ಹೇಳದೇ ಇದ್ದರೂ ಇವಳಿಗೆ ಎಲ್ಲ ಹೇಗೆ ಗೊತ್ತಾಗುತ್ತದೋ. ಆ ದುಡ್ಡು ಹಾಕ್ಬಿಡಿ, ನನ್ನ ಮೊಣಕಾಲೇನು ಓಡಿ ಹೋಗುತ್ತಾ. ಓಡಿ ಹೋಗುತ್ತಾ ಅಂತ ತಾನೇ ಹೇಳಿ ತಾನೇ ನಕ್ಕಳು. ನೋವಿಲ್ವಾ ಅಂದೆ. ಅಷ್ಟೇನಿಲ್ಲ ರೀ, ಅಭ್ಯಾಸ ಆಗಿದೆ. ಊಟ ಬಿಸಿಯಿರುವಾಗಲೇ ಮಾಡಿ ಅಂತ ಹೇಳಿ ಹೊರಟಳು, ಬಿಡುವು ಮುಗಿಯುತ್ತಂತೆ.

ಅಭ್ಯಾಸ ಆಗಿದೆ ಅಂದಳು, ಹಾಗಾದರೆ ಆರು ತಿಂಗಳು ತಾನೇ, ಅವಳೇ ಹಾಕಿ ಅಂದದ್ದು, ಹೆಬ್ಬೆರಳು ಫೋನಿನ ಮೇಲಿದೆ, ಒತ್ತಿದರೆ ಆಯಿತು, ಮೆಟ್ಟಿಲ ಸದ್ದು ಕೆಳಗಿಳಿಯುತ್ತಿದೆ, ಒಂದು ಕಾಲು, ಪಕ್ಕಕ್ಕೆ ಇನ್ನೊಂದು, ಒಂದು ಕಾಲು — ನಿಂತಿತು. ಇನ್ನೂ ಕೆಳಗೆ ತಲುಪಿಲ್ಲವಲ್ಲ. ಬಾಗಿಲಿಗೆ ಹೋಗಿ ಬಗ್ಗಿ ನೋಡಿದರೆ, ನಾನಿರುವಾಗ ನೋವು ಅಂತ ಎಂದೂ ಕೂರದವಳು, ತಿರುವಿನ ಮೆಟ್ಟಿಲ ಮೇಲೆ ಕೂತಿದ್ದಾಳೆ, ಎರಡು ಕೈಯಲ್ಲೂ ಮೊಣಕಾಲನ್ನು ಒತ್ತಿ ಹಿಡಿದು, ಸದ್ದು ಹೊರಬಾರದ ಹಾಗೆ ಸೆರಗಿನ ತುದಿಯನ್ನು ಕಚ್ಚಿಕೊಂಡು.