ಮೊದಲ ಬಸ್ಸಿನ ಹೊತ್ತಿಗೆ ಕಾಫಿ

ಯಾರಿಗೂ ಹೇಳಿಕೊಳ್ಳದ ಒಂದು ಸಣ್ಣ ಅಳುಕು ನನಗಿದೆ. ನನ್ನ ಮೈಯಿಂದ ಸೀಮೆಎಣ್ಣೆ ವಾಸನೆ ಬರುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದರೂ ಹೋಗುವುದಿಲ್ಲ. ಮನೆಗೆ ನೆಂಟರು ಬಂದರೆ ನನ್ನ ಗಮನವೆಲ್ಲ ಅವರ ಮೂಗಿನ ಮೇಲೆ. ಸಾರಿನ ಘಮಕ್ಕಿಂತ ಮುಂಚೆ ನನ್ನ ವಾಸನೆಯೇ ಅವರಿಗೆ ತಟ್ಟಿತೇನೋ, ಅಡುಗೆ ಮಾಡಿದವಳಿಗೆ ನನ್ನಿಂದ ಕೆಟ್ಟ ಹೆಸರು ಬಂತೇನೋ ಎಂದು ಒಳಗೊಳಗೇ ಕುಗ್ಗುತ್ತಿದ್ದೆ. ಆಮೇಲೆ ಆಗಬಾರದ್ದೆಲ್ಲ ಆಗಿಹೋಯಿತು. ಆದರೂ ಈ ಅಳುಕು ಮಾತ್ರ ಹಾಗೇ ಉಳಿದಿದೆ.

ನಾನು ಒಂದು ಪಂಪ್ ಸ್ಟೌ. ಹಿತ್ತಾಳೆ ಹೊಟ್ಟೆ, ಕಬ್ಬಿಣದ ಮೂರು ಕಾಲು, ನೆತ್ತಿಯ ಮೇಲೆ ಬರ್ನರ್. ಯಾವುದೋ ಊರಿನ ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಏಳಲಿಲ್ಲ. ಒರೆಸಿ, ರಟ್ಟಿನ ಡಬ್ಬಿಯಲ್ಲಿಟ್ಟು ಲಾರಿಗೆ ಹಾಕಿದರು. ಹುಟ್ಟಿನ ಬಗ್ಗೆ ನನಗೆ ನೆನಪಿರುವುದು ಇಷ್ಟೇ.

ನನ್ನನ್ನು ಮೊದಲು ಕೊಂಡವರು ಆಂಜಿನಪ್ಪ ಮೇಷ್ಟ್ರು. ಮದುವೆಯಾಗದ ಆಸಾಮಿ, ಬಾಡಿಗೆ ಕೋಣೆ. ಗೋಡೆಗೆ ಒಂದು ಪುಸ್ತಕ ಒರಗಿಸಿಟ್ಟು, ಅದರ ಮುಂದೆ ನನ್ನನ್ನು ಹಚ್ಚಿ, ನನ್ನ ಮೇಲೆ ಅನ್ನಕ್ಕಿಟ್ಟು ಕೂರುತ್ತಿದ್ದರು. ಪುಟ ತಿರುಗಿಸುವುದು ಮರೆಯುತ್ತಿರಲಿಲ್ಲ, ಅನ್ನ ಮಾತ್ರ ತಳ ಹಿಡಿಯುತ್ತಿತ್ತು. ತಂಗಿ ಸುಗುಣಳಿಗೆ ಮದುವೆ ಗೊತ್ತಾದಾಗ ನನ್ನನ್ನು ತಿಕ್ಕಿ ಬೆಳಗಿ, ಜೊತೆಗೆ ಒಂದು ಕಟ್ಟು ಪುಸ್ತಕ ಸೇರಿಸಿ ಅವಳ ಕೈಗಿತ್ತರು. ಒಲೆ ಊದುತ್ತಾ ಕೂತರೆ ನಿನಗೆ ಓದೋಕೆ ಹೊತ್ತೆಲ್ಲಿ ಸಿಗುತ್ತೆ, ಇದನ್ನು ಇಟ್ಟುಕೋ ಎಂದರು. ಸುಗುಣ ನನ್ನನ್ನು ಮಡಿಲಲ್ಲಿಟ್ಟುಕೊಂಡೇ ಚಿಂತಾಮಣಿಗೆ ಬಂದಳು. ಹೊಸ ಸೀರೆಗೆ ಎಣ್ಣೆ ಕಲೆ ಆಯಿತು. ಅದಕ್ಕೂ ನಾನು ತುಂಬಾ ದಿನ ನಾಚಿಕೊಂಡಿದ್ದೆ.

ಬಸ್ ಸ್ಟಾಂಡಿನ ಹಿಂದಿನ ವಠಾರದಲ್ಲಿ ಮನೆ. ಗಂಡ ಕದಿರಪ್ಪ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಬೆಳಕು ಹರಿಯುವ ಮುಂಚೆ ಹೊರಡುವ ಮೊದಲ ಬಸ್ಸು ಅವರದು. ಅವರ ತಾಯಿ ಮುನಿವೆಂಕಟಮ್ಮ. ಆಮೇಲೆ ಲೋಕೇಶ ಹುಟ್ಟಿದ, ಅವನ ಹಿಂದೆ ಹೇಮ. ಅಡುಗೆಮನೆ ಎಷ್ಟು ಕಿರಿದೆಂದರೆ ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ನಾನು ಮೂಲೆಯಲ್ಲಿ. ನೆಲದ ಮಟ್ಟದಿಂದ ನೋಡುವ ನನಗೆ ಜನರ ಪರಿಚಯವಾಗುವುದು ಪಾದಗಳಿಂದ. ಸುಗುಣಳ ಹಿಮ್ಮಡಿ ಚಳಿಗಾಲ ಬಂದರೆ ಬಿರಿಯುತ್ತಿತ್ತು. ಕದಿರಪ್ಪನ ಪಾದ ಒಂದು ಕಡೆ ನಿಂತದ್ದನ್ನು ನಾನು ಕಂಡಿದ್ದೇ ಕಡಿಮೆ.

ಚಳಿಗಾಲ ಅಂದರೆ ಆ ಮನೆಯಲ್ಲಿ ಅವರೆಕಾಯಿ. ಸಂಜೆಗೆ ನೆನೆಸಿದ ಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ಅಡುಗೆಮನೆಯ ಬಾಗಿಲಾಚೆ ಸುತ್ತ ಕೂತು ಹಿದುಕುತ್ತಿದ್ದರು. ಬೆರಳು ಮರಗಟ್ಟುವಷ್ಟು ತಣ್ಣಗಿನ ನೀರು. ಸುಗುಣ ಅತ್ತೆಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದಳು. ನೀವು ಹಿದುಕಿ, ನಾನು ಓದುತ್ತೇನೆ ಅಂತ. ಲೈಬ್ರರಿಯಿಂದ ತಂದ ಕಾದಂಬರಿಯನ್ನು ಅವಳು ಓದುತ್ತಿದ್ದರೆ ಮುನಿವೆಂಕಟಮ್ಮ ಕಾಳಿನ ಸಿಪ್ಪೆ ಯಾವ ಕಡೆ ಹಾರಿತು ಎನ್ನುವುದನ್ನೂ ನೋಡುತ್ತಿರಲಿಲ್ಲ. ಸುಗುಣ ಸಾರಿಗೆ ಉಪ್ಪು ಹಾಕಲು ಎದ್ದರೆ, “ಅವಳು ಬಾವಿ ತಾವ ಹೋದ್ಳಲ್ಲ, ಅಮ್ಯಾಕೇನಾಯ್ತು, ಅದ ಹೇಳಿಟ್ಟು ಹೋಗು” ಎಂದು ಸೆರಗು ಜಗ್ಗುತ್ತಿದ್ದರು. ಹೇಮ ಅಜ್ಜಿಯ ಶಾಲಿನೊಳಗೆ ಸೇರಿಕೊಂಡು ಕೇಳುತ್ತಿದ್ದಳು. ಆ ಹುಡುಗಿಗೆ ಮಾತು ಕಡಿಮೆ. ಏನಾದರೂ ಬೇಕಾದರೆ ಅಮ್ಮನ ಬೆನ್ನಿಗೆ ಗಲ್ಲ ಆನಿಸಿ ನಿಲ್ಲುತ್ತಿದ್ದಳು, ಅಷ್ಟೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಸುಗುಣ ಅಡುಗೆ ಮಾಡುತ್ತಾ ಓದುತ್ತಿದ್ದದ್ದು ನಿಜ. ಬೇಳೆ ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡದೆ ಓದುತ್ತಿದ್ದಳು. ಆದರೆ ನನಗೆ ಎಣ್ಣೆ ಹಾಕುವಾಗ, ಪಿನ್ನು ಹಾಕಿ ಬರ್ನರಿನ ಕಣ್ಣು ಬಿಡಿಸುವಾಗ, ಪಂಪು ಹೊಡೆಯುವಾಗ ಪುಸ್ತಕ ಮೇಲಿನ ಗೂಡಿಗೆ ಹೋಗುತ್ತಿತ್ತು. ಸೆರಗು ಸೊಂಟಕ್ಕೆ ಬಿಗಿದಿರುತ್ತಿತ್ತು. ನನ್ನ ಉರಿ ಸಣ್ಣಗಾದರೆ ಗಾಳಿ ಬಿಟ್ಟು, ಆರಿಸಿ, ಬರ್ನರ್ ತಣ್ಣಗಾಗುವವರೆಗೆ ಕಾದು ಆಮೇಲೇ ಎಣ್ಣೆ ತುಂಬಲು ಬಿರಡೆ ಬಿಚ್ಚುತ್ತಿದ್ದಳು. ಅಷ್ಟು ಜೋಪಾನವಾಗಿ ನನ್ನನ್ನು ಇನ್ಯಾರೂ ಮುಟ್ಟಿಲ್ಲ.

ಆ ವರ್ಷ ಸಂಕ್ರಾಂತಿಗೆ ಇನ್ನೂ ಸ್ವಲ್ಪ ದಿನವಿತ್ತು. ಮಂಜು ಬಾಗಿಲವರೆಗೂ ಬಂದು ನಿಂತಿದ್ದ ಬೆಳಗಿನ ಜಾವ. ಕದಿರಪ್ಪನಿಗೆ ಏಳುವುದು ತಡವಾಗಿತ್ತು. ಹಿಂದಿನ ವಾರ ಒಂದು ದಿನ ಬಸ್ಸು ತಪ್ಪಿಸಿಕೊಂಡು ಮಾಲೀಕನ ಕೈಲಿ ಬೈಸಿಕೊಂಡಿದ್ದರು. ಸುಗುಣ ನನ್ನನ್ನು ಹಚ್ಚಿ ಕಾಫಿಗೆ ನೀರಿಟ್ಟಳು. ನೀರು ಇನ್ನೂ ಸದ್ದು ಮಾಡಿರಲಿಲ್ಲ, ನನ್ನ ಹೊಟ್ಟೆಯಲ್ಲಿ ಎಣ್ಣೆ ತೀರುತ್ತಾ ಬಂತು. ಉರಿ ಹಳದಿಯಾಗಿ ಓಲಾಡಿತು. ಸ್ವಲ್ಪ ತಡೀರಿ, ಆರಿಸಿ ತಣ್ಣಗಾದ ಮೇಲೆ ಎಣ್ಣೆ ಹಾಕ್ತೀನಿ ಎಂದಳು ಸುಗುಣ. ಕದಿರಪ್ಪ ಕಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದರು.

“ನೀನು ತಣ್ಣಗಾಗಿಸ್ತಾ ಕೂತ್ಕೊ. ಬಸ್ಸು ನಿಮ್ಮಣ್ಣ ಹಿಡ್ಕೊಂಡಿರ್ತಾನಾ?”

ಅವರೇ ಕುಕ್ಕರಗಾಲಲ್ಲಿ ಕೂತರು. ಪಾತ್ರೆ ಇಳಿಸಿ ಗಾಳಿ ಬಿಟ್ಟರು. ಉರಿ ಕುಸಿಯಿತು, ಆರಿತು ಅಂದುಕೊಂಡರು. ಬರ್ನರಿನ ಒಳಗೆ ಸಣ್ಣಗೆ ನೀಲಿ ಇನ್ನೂ ಇತ್ತು. ಸುಗುಣ ಎದುರಿಗೆ ಕೂತು ಬೇಡ ಬೇಡ ಎನ್ನುತ್ತಾ ಅವರ ಕೈ ಹಿಡಿಯಲು ಬಗ್ಗಿದಳು. ಅವರು ಬಿರಡೆ ಬಿಚ್ಚಿ ಡಬ್ಬಿಯಿಂದ ಎಣ್ಣೆ ಹುಯ್ದರು.

ನಾನು ತಡೆಯಲು ಆಗುವಂತಿದ್ದರೆ ತಡೆಯುತ್ತಿದ್ದೆ. ಉರಿ ಎದ್ದದ್ದು ಅವಳಿದ್ದ ಕಡೆಗೆ. ಚಳಿಗೆ ಉಲ್ಲನ್ ಸ್ವೆಟರ್, ಒಳಗೆ ನೈಲಾನ್ ಸೀರೆ. ಕದಿರಪ್ಪ ಬರಿಗೈಯಲ್ಲೇ ಬಡಿದರು, ಹಾಸಿಗೆಯ ಕಂಬಳಿ ತಂದು ಸುತ್ತಿದರು, ಕೊಡದ ನೀರು ಸುರಿದರು. ಅದರಲ್ಲಿ ಸುಳ್ಳಿಲ್ಲ. ಅವರ ಬಲಗೈ ಮೊಣಕೈವರೆಗೂ ಬೆಂದುಹೋಯಿತು.

ಎಣ್ಣೆ ಹುಯ್ಯುವಾಗ ಬಾಗಿಲಲ್ಲಿ ಹೇಮ ನಿಂತಿದ್ದಳು. ಅವಳ ಕೈಯಲ್ಲಿ ಲೈಬ್ರರಿಯ ಪುಸ್ತಕ. ಹಿಂದಿನ ಸಂಜೆ ಅಮ್ಮನಿಂದ ಕೇಳಿ ಇಸಿದುಕೊಂಡು, ಹೊದಿಕೆಯೊಳಗೆ ಅಪ್ಪಿಕೊಂಡು ಮಲಗಿದ್ದಳು. ಬೇಗ ಎಚ್ಚರಾಗಿ, ಅರ್ಥವಾಗದ ಒಂದು ಪದ ಕೇಳಲು ಬಂದಿದ್ದಳು. ಉರಿ ಎದ್ದೊಡನೆ ಪುಸ್ತಕ ಅವಳ ಕೈಯಿಂದ ಜಾರಿ ನನ್ನ ಪಕ್ಕಕ್ಕೆ ಬಿತ್ತು. ಅವಳು ಹಿಂದೆ ಹಿಂದೆ ಸರಿದು ಅಕ್ಕಿ ಮೂಟೆಯ ಮರೆಯಲ್ಲಿ ಕೂತುಬಿಟ್ಟಳು. ಕದಿರಪ್ಪ ಅವಳನ್ನು ನೋಡಲಿಲ್ಲ. ವಠಾರದವರು ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಉರುಳಿದ ನಾನು, ನನ್ನ ಪಕ್ಕದಲ್ಲಿ ಅಂಚು ಸುಟ್ಟು ನೆನೆದಿದ್ದ ಪುಸ್ತಕ.

ಓದ್ತಾ ಕೂತಿದ್ಳಾ ಎಂದು ಯಾರೋ ಕೇಳಿದರು. ಮಗನ ಬೆಂದ ಕೈಯ ಕಡೆ ನೋಡಿ, ಹೂಂ ಎಂದವರು ಮುನಿವೆಂಕಟಮ್ಮ.

ಸುಗುಣ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಪೋಲೀಸರು ಬಂದು ಕೇಳಿದಾಗಲೂ ಅದೇ ಮಾತು. ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು ನಿಂತಿದ್ದ ಕದಿರಪ್ಪ ತಾಯಿ ಹೇಳಿದ್ದಕ್ಕೆ ತಲೆಯಾಡಿಸಿದರು. ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಹೇಮ ಅಡುಗೆಮನೆಗೆ ಬಂದು ಅಜ್ಜಿಯ ಬೆನ್ನಿಗೆ ಗಲ್ಲ ಆನಿಸಿ ನಿಂತಳು. ಪುಸ್ತಕ ನನ್ನ ಹತ್ರ ಇತ್ತಲ್ಲಜ್ಜಿ ಎಂದಳು, ಅಪ್ಪ ಎಣ್ಣೆ ಹಾಕಿದ ಎಂದಳು. ಮುನಿವೆಂಕಟಮ್ಮ ಒದ್ದೆ ಅಂಗೈಯಿಂದ ಅವಳ ಬಾಯಿ ಮುಚ್ಚಿದರು.

“ಅಮ್ಮ ಹೋದ್ಳು. ಅಪ್ಪನ್ನೂ ಪೋಲೀಸ್ನೋರು ಕರ್ಕೊಂಡು ಹೋಗ್ಬೇಕಾ? ಇನ್ನೊಂದು ಕಿತ ಈ ಮಾತು ಆಡಬೇಡ ತಾಯಿ.”

ಹೇಮ ತಲೆಯಾಡಿಸಿದಳು. ಅಲ್ಲಿಂದ ಮುಂದೆ ಆಡಲಿಲ್ಲ. ಆ ಮಾತಷ್ಟೇ ಅಲ್ಲ, ಬೇರೆ ಮಾತೂ ಅವಳಲ್ಲಿ ಕಮ್ಮಿಯಾಗುತ್ತಾ ಹೋಯಿತು.

ನನ್ನನ್ನು ಎಸೆಯುತ್ತಾರೆ ಅಂದುಕೊಂಡಿದ್ದೆ. ಎಸೆಯಲಿಲ್ಲ. ಅಡುಗೆಗೆ ಬೇರೇನಿತ್ತು ಆ ಮನೆಯಲ್ಲಿ? ನೆಗ್ಗಿದ ಹೊಟ್ಟೆಯನ್ನು ತಟ್ಟಿಸಿ, ವಾಷರ್ ಬದಲಿಸಿ, ಅದೇ ಮೂಲೆಯಲ್ಲಿಟ್ಟರು. ಮುನಿವೆಂಕಟಮ್ಮ ಮುಖ ಆಚೆ ತಿರುಗಿಸಿಕೊಂಡು ಕಡ್ಡಿ ಗೀರಿದರು. ಅಂದು ನಾನು ಬೇಯಿಸಿದ್ದು ಮಕ್ಕಳಿಗೆ ಗಂಜಿ.

ಅವರೆಕಾಯಿ ಕಾಲ ಮತ್ತೆ ಬಂತು, ಪ್ರತಿ ವರ್ಷ ಬರುತ್ತಲೇ ಇತ್ತು. ಕಾಳು ಹಿದುಕುವಾಗ ಯಾರೂ ಓದುತ್ತಿರಲಿಲ್ಲ. ಕಾಳು ಪಾತ್ರೆಗೆ ಬೀಳುವ ಸದ್ದು ಮಾತ್ರ. ಹೇಮ ಪುಸ್ತಕ ಹಿಡಿದು ಹೊಸ್ತಿಲ ಹತ್ತಿರ ಬಂದರೆ ಅಜ್ಜಿ ರೇಗುತ್ತಿದ್ದರು. ಪಕ್ಕದ ಮನೆಯ ಹುಡುಗಿಯರಿಗೂ ಅದೇ ಪಾಠ: ನಮ್ಮ ಸೊಸೆ ಸ್ಟೌ ಮುಂದೆ ಓದ್ತಾ ಮೈಮರೆತಳು, ಏನಾಯ್ತು ನೋಡಿದ್ರಲ್ಲ. ಕತೆ ವಠಾರ ದಾಟಿತು, ನೆಂಟರ ಮನೆಗಳಿಗೆ ಹೋಯಿತು. ಅಮ್ಮಂದಿರು ಹೆಣ್ಣುಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುವಾಗ ಸುಗುಣಳ ಹೆಸರು ಹೇಳುತ್ತಿದ್ದರು. ಓದಿದವಳು ಎನ್ನುವುದು ಬಿಟ್ಟು ಅವಳ ಬಗ್ಗೆ ಯಾರಿಗೂ ಏನೂ ನೆನಪಿರಲಿಲ್ಲ. ಅವಳ ಸಾರು ಹೇಗಿತ್ತು, ನಗು ಹೇಗಿತ್ತು, ಯಾರೂ ಹೇಳಲಿಲ್ಲ.

ಕದಿರಪ್ಪನ ಬಗ್ಗೆ ಜನ ಮಾಡುತ್ತಿದ್ದದ್ದು ಬೇರೆ ಮಾತು. ಹೆಂಡತಿಯನ್ನು ಉಳಿಸಲು ಹೋಗಿ ಕೈ ಸುಟ್ಟುಕೊಂಡ ಮನುಷ್ಯ, ಮಕ್ಕಳಿಗಾಗಿ ಇನ್ನೊಂದು ಮದುವೆಯಾಗಲಿಲ್ಲ. ಎರಡೂ ನಿಜವೇ. ಸುಕ್ಕುಗಟ್ಟಿದ ಆ ಕೈಯಲ್ಲೇ ಅವರು ಹೇಮಳಿಗೆ ಜಡೆ ಹಾಕುತ್ತಿದ್ದರು, ಅಂಕುಡೊಂಕಾಗಿ. ಜ್ವರ ಬಂದರೆ ಹಾಸಿಗೆ ಪಕ್ಕ ಕೂರುತ್ತಿದ್ದರು. ಅಜ್ಜಿ ಆ ಕತೆ ಶುರುಮಾಡಿದರೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದರು. ಅವರು ಎದ್ದು ಹೋಗುವುದನ್ನು ಹೇಮ ನೋಡುತ್ತಿದ್ದಳು. ಅವರು ಮರೆತಿಲ್ಲ, ಅವರಿಗೂ ಒಳಗೆ ಸುಡುತ್ತಿದೆ ಎಂಬುದೊಂದೇ ಅವಳಿಗೆ ಸಮಾಧಾನವಾಗಿತ್ತು ಎಂದು ನನಗನ್ನಿಸುತ್ತದೆ. ಅವಳು ಹೇಳಿದರೆ ಅಪ್ಪನನ್ನು ಕಳೆದುಕೊಳ್ಳುತ್ತಾಳೆ. ಹೇಳದಿದ್ದರೆ ಅಮ್ಮ ಎಂದೆಂದಿಗೂ ಮೈಮರೆತು ಸತ್ತವಳಾಗಿಯೇ ಉಳಿಯುತ್ತಾಳೆ.

ಗ್ಯಾಸ್ ಬಂತು. ನನ್ನನ್ನು ಗೋಣಿತಾಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಅಲ್ಲಿ ಕತ್ತಲು, ಜಿರಲೆ, ಒಡೆದ ಒರಳುಕಲ್ಲಿನ ಸಹವಾಸ. ಕೆಳಗಿನ ಮನೆಯ ಸದ್ದು ಹಲಗೆಯ ಸಂದಿನಿಂದ ಬರುತ್ತಿತ್ತು. ಮುನಿವೆಂಕಟಮ್ಮ ತೀರಿಕೊಂಡರು. ಹೇಮ ಡಿಗ್ರಿ ಮುಗಿಸಿದಳು. ಅಟ್ಟದ ಏಣಿಯ ಕೆಳಗೆ ಕೂತು ಡೈರಿ ಬರೆಯುತ್ತಿದ್ದಳು, ಬರೆದದ್ದನ್ನು ಗೀಚಿ ಅಳಿಸುವ ಸದ್ದೂ ಕೇಳುತ್ತಿತ್ತು. ಲೋಕೇಶನಿಗೆ ಮದುವೆಯಾಯಿತು. ತುಕ್ಕು ಹಿಡಿದ ಕಾಲುಗಳೊಂದಿಗೆ ನಾನು ಇನ್ನು ಗುಜರಿಯವನ ಗಾಡಿಗೆ ಕಾಯುವುದಷ್ಟೇ ಎಂದುಕೊಂಡಿದ್ದೆ.

ಈ ಚಳಿಗಾಲದಲ್ಲಿ ಗ್ಯಾಸ್ ಖಾಲಿಯಾಗಿ ಸಿಲಿಂಡರ್ ಬರುವುದು ತಡವಾಯಿತು. ಲೋಕೇಶ ನನ್ನನ್ನು ಕೆಳಗಿಳಿಸಿ, ವಾಷರ್ ಹಾಕಿಸಿ, ರೇಷನ್ನಿನ ಎಣ್ಣೆ ತುಂಬಿ ಕೆಲಸಕ್ಕೆ ಹೋದ. ಅವನ ಹೆಂಡತಿ ಪವಿತ್ರ ನನ್ನನ್ನು ಸುತ್ತ ತಿರುಗಿಸಿ ನೋಡಿದಳು. ಮಾತಿನ ಮಲ್ಲಿ.

“ಹೇಮ, ಇದು ಸ್ಟೌವೋ, ದೀಪಾವಳಿಯಲ್ಲಿ ಉಳಿದ ಪಟಾಕಿಯೋ?”

ಹೇಮ ನಗಲಿಲ್ಲ. ಕೂತು, ಸೆರಗು ಎಲ್ಲಿ ಸಿಕ್ಕಿಸಬೇಕು, ಪಿನ್ನು ಹೇಗೆ ಹಾಕಬೇಕು ಎಂದು ಅತ್ತಿಗೆಗೆ ತೋರಿಸಿದಳು. ಅವಳ ಕೈ ಥೇಟ್ ಸುಗುಣಳದೇ. ನಾನು ಹೊತ್ತಿಕೊಂಡೆ. ಅವರೆಬೇಳೆ ಬೇಯಲಿಟ್ಟರು. ಪವಿತ್ರ ಬಿ.ಎ. ಪರೀಕ್ಷೆಗೆ ಕಟ್ಟಿದ್ದಳು. ನನ್ನಿಂದ ಒಂದು ಮಾರು ದೂರದಲ್ಲಿ ಗೋಡೆಗೆ ಒರಗಿ, ಮೊಣಕಾಲ ಮೇಲೆ ಪುಸ್ತಕವಿಟ್ಟು ಓದತೊಡಗಿದಳು. ಹೇಮ ಸೊಪ್ಪು ಬಿಡಿಸುತ್ತಿದ್ದಳು.

ಕದಿರಪ್ಪ ಶಾಲು ಹೊದ್ದು ಬಾಗಿಲಿಗೆ ಬಂದರು. ಕೆಲಸ ಬಿಟ್ಟು ಮನೆಯಲ್ಲೇ ಇರುವ ಈಗ ಅವರ ಪಾದಕ್ಕೆ ಯಾವ ಅವಸರವೂ ಇರಲಿಲ್ಲ. ನನ್ನನ್ನು ನೋಡಿದರು, ಸೊಸೆಯ ಪುಸ್ತಕ ನೋಡಿದರು. ಹೊರಗೆ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಹೊಸ್ತಿಲ ಮೇಲೆ ನಿಧಾನವಾಗಿ ಕೂತರು.

“ಪುಸ್ತಕ ಆಕಡೆ ಇಡಮ್ಮ. ಇವರಮ್ಮನೂ ಹಂಗೇ ಓದ್ತಾ ಕೂತಿದ್ಳು. ಉರಿ ಹತ್ತಿದ್ದೇ ಗೊತ್ತಾಗಲಿಲ್ಲ ಅವಳಿಗೆ. ನಾನು ಓಡಿಬರೋ ಹೊತ್ತಿಗೆ ಎಲ್ಲ ಆಗೋಗಿತ್ತು.”

ಆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ದನಿ ತಡವರಿಸಲಿಲ್ಲ. ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಅಷ್ಟು ವರ್ಷ ಕೇಳಿ ಕೇಳಿ ಅವರು ಅದನ್ನು ನಂಬಿಬಿಟ್ಟಿದ್ದರು. ಒಳಗೆ ಈಗ ಏನೂ ಸುಡುತ್ತಿರಲಿಲ್ಲ.

ಪವಿತ್ರ ಏನೋ ಕದ್ದವಳ ಹಾಗೆ ಪುಸ್ತಕ ಮುಚ್ಚಿ ಸೆರಗಿನಡಿ ಸೇರಿಸಿಕೊಂಡಳು.

ಹೇಮ ಸೊಪ್ಪನ್ನು ಕೆಳಗಿಟ್ಟಳು. ಅಪ್ಪನ ಸುಟ್ಟ ಕೈಯನ್ನು ನೋಡಿದಳು, ಆಮೇಲೆ ಮುಖವನ್ನು. ತುಟಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲ ದನಿ ಹೊರಬಂತು, ಸಣ್ಣಗೆ, ಆದರೆ ಸ್ಪಷ್ಟವಾಗಿ.

“ಅಮ್ಮ ಓದ್ತಾ ಇರಲಿಲ್ಲ ಅಪ್ಪ. ಪುಸ್ತಕ ನನ್ನ ಕೈಲಿತ್ತು, ನಾನು ಇಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅವಳು ಬೇಡ ಬೇಡ ಅಂತಿದ್ಳು. ಎಣ್ಣೆ ಹುಯ್ದಿದ್ದು ನೀನು.”